ಖಾದರ್ ಸಾಬ್ರ ಹಿತ್ತಾಳೆ ಗೇಜು, ಇನ್ನೂರು ಮೀಟರು ರಸ್ತೆ

ಒಂದು ಕ್ಲಚ್ ಪ್ಲೇಟು, ಮುಂದಿನ ಎರಡು ಟೈರು, ಮತ್ತು ಚನ್ನರಾಯಪಟ್ಟಣದ ತೆಂಗಿನಕಾಯಿ ಮಾರ್ಕೆಟ್ಟಿನಲ್ಲಿ ಮೂವತ್ತೈದು ವರ್ಷದಿಂದ ಯಾರ ಮುಂದೆಯೂ ತಗ್ಗದಿದ್ದ ನನ್ನ ಬಾಯಿ. ಇನ್ನೂರು ಮೀಟರು ರಸ್ತೆಯಲ್ಲಿ ಮೂರು ಸಲ ಕಾರು ಓಡಿಸಿದ್ದಕ್ಕೆ ನಾನು ತೆತ್ತದ್ದು ಇಷ್ಟು. ಪ್ಲೇಟನ್ನೂ ಟೈರನ್ನೂ ಚೌಕಾಸಿ ಮಾಡಿ ಕಮ್ಮಿಗೇ ತಂದೆ. ಬಾಯಿಯ ವಿಷಯದಲ್ಲಿ ಚೌಕಾಸಿ ನಡೆಯಲಿಲ್ಲ. ಯಾಕೆ ತೆತ್ತೆ ಎಂದರೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ: ಹೊಳೆನರಸೀಪುರದ ನರಹರಿಯ ಮೇಲಿನ ಹೊಟ್ಟೆಕಿಚ್ಚಿಗೆ. ಅವನನ್ನು ಒಂದೇ ಒಂದು ಸಲ, ನಾಲ್ಕು ಜನ ನೋಡುವಂತೆ ಸೋಲಿಸಬೇಕಿತ್ತು.

ಗ್ಯಾರೇಜು ಬಿಟ್ಟು ಎರಡು ವರ್ಷವಾಯಿತು. ಷೆಡ್ಡನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಆದರೂ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಕಾಲು ಅತ್ತಲೇ ಎಳೆಯುತ್ತದೆ. ಅಲ್ಲಿ ನನ್ನನ್ನು ಹಿಡಿದು ಮಾತಾಡಿಸುವವರು ಎರಡು ಥರ. ಮೆಕ್ಯಾನಿಕ್ ಕೆಲಸಕ್ಕೆ ಇಳಿಯಬೇಕೆನ್ನುವವರು ಒಂದು ಥರ, ಮನೆಯ ಕಾರನ್ನೇ ಡ್ರ್ಯಾಗ್ ರೇಸಿಗೆ ತಗೊಂಡು ಹೋಗಬೇಕೆನ್ನುವವರು ಇನ್ನೊಂದು ಥರ. ಡ್ರ್ಯಾಗ್ ರೇಸ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಎರಡು ಕಾರು ಪಕ್ಕಪಕ್ಕ ನಿಲ್ಲುತ್ತವೆ, ದೀಪ ಹತ್ತುತ್ತದೆ, ನಿಂತಲ್ಲಿಂದ ಹೊರಟು ನೆಟ್ಟಗಿನ ರಸ್ತೆಯ ಕೊನೆಯನ್ನು ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದಂತೆ. ತಿರುವಿಲ್ಲ, ದಿಬ್ಬವಿಲ್ಲ. ಇಷ್ಟು ಸಲೀಸಾದದ್ದರಲ್ಲಿ ನಾನು ಹೇಗೆ ಕೆಟ್ಟೆ ಎನ್ನುವುದನ್ನು ಹೇಳಿದರೆ ಇಬ್ಬರಿಗೂ ಪ್ರಯೋಜನವಾದೀತು.

ನಾನು ದಂಡಿಗನಹಳ್ಳಿ ಕಡೆಯ ಬೇಸಾಯದವರ ಮನೆಯವನು. ಇಪ್ಪತ್ತು ವರ್ಷಕ್ಕೆ ಹಾಸನದ ಖಾದರ್ ಸಾಬ್ರ ಗ್ಯಾರೇಜಿಗೆ ಸೇರಿದೆ. ಅದೇ ತಿಂಗಳು ನರಹರಿಯೂ ಬಂದ. ಅವನು ಹೊಳೆನರಸೀಪುರದ ದೇವಸ್ಥಾನದ ಪೂಜೆಯ ಮನೆತನದವನು, ಡಿಪ್ಲೊಮಾ ಓದಿದ್ದ, ಅಂಗಿಯ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡೇ ಬಂದ. ನಾನು ಒಂದು ಗಾಡಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಹೊತ್ತಿಗೆ ಅವನು ಮೊದಲನೆಯದರ ಪ್ಲಗ್ ಬಿಚ್ಚಿ, ಅದರ ಬಣ್ಣ ನೋಡಿ, ಬರೆದುಕೊಳ್ಳುತ್ತ ಕೂತಿರುತ್ತಿದ್ದ. ಸಾಬ್ರು ಅವನನ್ನು ಬೈಯಬೇಕಿತ್ತು. ಬೈಸಿಕೊಳ್ಳುತ್ತಿದ್ದವನು ನಾನು.

"ಅರೆ ಪುಟ್ಟಸಾಮಿ, ಮೊದ್ಲು ಗಾಡಿಗೆ ಕಿವಿ ಕೊಡೋ. ಗಿರಾಕಿಗೆ ಬಾಯಿ ಆಮೇಲೆ ಕೊಡು," ಎನ್ನುತ್ತಿದ್ದರು.

ಸಾಬ್ರ ಹತ್ತಿರ ಟೈರಿನ ಗಾಳಿ ಅಳೆಯುವ ಒಂದು ಹಿತ್ತಾಳೆ ಗೇಜು ಇತ್ತು. ಅಂಗೈ ಅಗಲದ ಮುಖ, ಗಾಜಿನೊಳಗೆ ಕರಿ ಮುಳ್ಳು. ಅವರ ಗುರು ಕೊಟ್ಟದ್ದಂತೆ. ಕೆಲಸ ಮುಗಿದ ಮೇಲೆ ಬಟ್ಟೆಯಲ್ಲಿ ಒರೆಸಿ ಮೊಳೆಗೆ ತೂಗುಹಾಕುತ್ತಿದ್ದರು. ನಮ್ಮಿಬ್ಬರಿಗೂ ಅದರ ಮೇಲೆ ಕಣ್ಣು.

ಕಲಿಯುವಾಗ ನಾನು ಮಾಡಿದ ತಪ್ಪುಗಳಿಗೆ ಲೆಕ್ಕವಿಲ್ಲ. ಬ್ರೇಕ್ ಆಯಿಲ್ ಬದಲು ಪವರ್ ಸ್ಟೀರಿಂಗ್ ಆಯಿಲ್ ಸುರಿದಿದ್ದೇನೆ. ಡಾಕ್ಟರೊಬ್ಬರ ಕಾರಿನ ನಾಲ್ಕೂ ಚಕ್ರದ ನಟ್ಟನ್ನು ಕೈಯಲ್ಲಷ್ಟೇ ತಿರುಗಿಸಿ, ಸ್ಪ್ಯಾನರ್ ಹಾಕುವುದನ್ನು ಮರೆತು ಕಳಿಸಿ, ಸೈಕಲ್ಲಿನಲ್ಲಿ ಅಟ್ಟಿಸಿಕೊಂಡು ಹೋಗಿ ನಿಲ್ಲಿಸಿದ್ದೇನೆ. ಒಂದು ದಿನ ಆ ಗೇಜನ್ನು ಗಾಡಿ ಕೆಳಗಿನ ಗುಂಡಿಗೆ ಬೀಳಿಸಿದೆ. ಯಾರೂ ನೋಡಲಿಲ್ಲ ಎಂದುಕೊಂಡೆ. ಎತ್ತಿ ನೋಡಿದರೆ ಗಾಜು ಒಡೆದಿರಲಿಲ್ಲ, ಮುಳ್ಳೂ ಆಡುತ್ತಿತ್ತು. ಒರೆಸಿ ಮೊಳೆಗೆ ಹಾಕಿ ಸುಮ್ಮನಾದೆ. ಡಾಕ್ಟರ ನಟ್ಟಿನ ವಿಷಯ ಊರೆಲ್ಲ ಹೇಳಿ ನಕ್ಕಿದ್ದೇನೆ. ಗೇಜು ಬಿದ್ದ ವಿಷಯ ಹೇಳಿರಲಿಲ್ಲ.

ಎಂಟು ವರ್ಷವಾದ ಮೇಲೆ ಸಾಬ್ರಿಗೆ ಕಣ್ಣು ಮಂಜಾಯಿತು, ಗ್ಯಾರೇಜು ಮುಚ್ಚಿದರು. ಕೊನೆಯ ದಿನ ನನಗೆ ರಿಂಗ್ ಸ್ಪ್ಯಾನರುಗಳ ಇಡೀ ಸೆಟ್ಟು, ಮೇಲೊಂದು ಟ್ರಾಲಿ ಜಾಕು ಕೊಟ್ಟರು. ನರಹರಿಗೆ ಗೇಜು ಕೊಟ್ಟರು. ಬೆಲೆ ಕಟ್ಟಿದರೆ ನನ್ನ ಪಾಲು ಅವನದರ ಹತ್ತರಷ್ಟು. ಅದು ನನಗೂ ಗೊತ್ತಿತ್ತು. ಆದರೆ ಗೇಜು ಕೊಡುವಾಗ ಸಾಬ್ರು ಅವನನ್ನು ಒಳಗೆ ಕರೆದು, ಬಗ್ಗಿಸಿಕೊಂಡು, ಕಿವಿಯಲ್ಲಿ ಏನೋ ಹೇಳಿದರು. ಕಿಟಕಿಯಿಂದ ನೋಡಿದೆ. ನನಗೆ ಜಾಕು ಕೊಡುವಾಗ ಕಿವಿಯಲ್ಲಿ ಏನೂ ಹೇಳಿರಲಿಲ್ಲ. ಅವತ್ತಿನಿಂದ ಆ ಕಿವಿಮಾತು ನನ್ನ ಎದೆಯಲ್ಲಿ ಉಳಿದುಕೊಂಡಿತು. ಏನು ಗುಟ್ಟು ಹೇಳಿಕೊಟ್ಟರು? ಯಾವ ವಿದ್ಯೆ ನನಗೆ ಬಚ್ಚಿಟ್ಟರು?

ನಾನು ಚನ್ನರಾಯಪಟ್ಟಣದಲ್ಲಿ ಷೆಡ್ಡು ಹಾಕಿದೆ, ಅವನು ಹೊಳೆನರಸೀಪುರದಲ್ಲಿ. ಷೆಡ್ಡು ಶುರು ಮಾಡಿದ ಹೊಸದರಲ್ಲಿ ಅವನು ಎರಡು ಸಲ ನನ್ನನ್ನು ಹುಡುಕಿಕೊಂಡು ಬಂದ. ಗೇಜು ತೋರಿಸಿ ಮೆರೆಯುವುದಕ್ಕೆ ಬಂದಿದ್ದಾನೆ ಎಂದುಕೊಂಡು ಎರಡು ಸಲವೂ ನಾನು ಮುಖ ಕೊಡಲಿಲ್ಲ. ಆಮೇಲೆ ಅವನೂ ಬರಲಿಲ್ಲ. ಬಿಡಿಭಾಗದ ಅಂಗಡಿಯಲ್ಲಿ ಎದುರಾದರೆ ಇಬ್ಬರೂ ತಲೆಯಾಡಿಸಿ ಬೇರೆ ಬೇರೆ ಕೌಂಟರಿಗೆ ಹೋಗುತ್ತಿದ್ದೆವು.

ವ್ಯಾಪಾರದಲ್ಲಿ ನಾನು ಅವನಿಗಿಂತ ಮುಂದೆ ಹೋದೆ. ರಿಪೇರಿಯ ಜೊತೆಗೆ ಹಳೆ ಕಾರು ಕೊಡಿಸುವ ಕೆಲಸ ಹಚ್ಚಿಕೊಂಡೆ. ನನ್ನ ಷೆಡ್ಡಿನ ಮುಂದೆ ನಿಲ್ಲಿಸಿದ ಕಾರಿನ ಟೈರು ಹೊಸದರ ಹಾಗೆ ಕರ್ರಗೆ ಹೊಳೆಯಬೇಕು. ಅದಕ್ಕೆ ನಮ್ಮೂರಿನ ಉಪಾಯ, ಕೊಬ್ಬರಿ ಎಣ್ಣೆ. ಬಟ್ಟೆಯಲ್ಲಿ ಅದ್ದಿ ಒರೆಸಿದರೆ ಬೂದು ಬಣ್ಣಕ್ಕೆ ತಿರುಗಿದ ರಬ್ಬರೂ ಮದುವೆಗೆ ಹೊರಟ ಹಾಗೆ ಕಾಣುತ್ತದೆ. ನೂರಾರು ಕಾರು ಹೀಗೆ ಮಾರಿದ್ದೇನೆ. ಈ ಎಣ್ಣೆಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ದುಡ್ಡಿನಲ್ಲಿ ಮುಂದೆ ಹೋದರೂ ಕಿಚ್ಚು ಆರಲಿಲ್ಲ. ಕಾಯಿ ವ್ಯಾಪಾರಿ ಬಸವೇಗೌಡರ ಕಾರು ಎಡಕ್ಕೆ ಎಳೆಯುತ್ತಿತ್ತು. ನಾನು ಮೂರು ಭಾಗ ಬದಲಾಯಿಸಿದೆ, ಅದು ಎಳೆಯುತ್ತಲೇ ಇತ್ತು. ಗೌಡರು ಯಾರದೋ ಮದುವೆಗೆಂದು ಹೊಳೆನರಸೀಪುರಕ್ಕೆ ಹೋದವರು ನರಹರಿಗೆ ತೋರಿಸಿದರು. ಮಾರನೆ ದಿನ ಮಾರ್ಕೆಟ್ಟಿನಲ್ಲಿ ಮೂಟೆಗಳ ನಡುವೆ ನನ್ನನ್ನು ನಿಲ್ಲಿಸಿಕೊಂಡರು.

"ಏನ್ಲಾ ಪುಟ್ಟಸಾಮಿ, ನೀನು ಮೂರು ಸಾಮಾನು ಬದಲಾಯಿಸ್ದೆ. ಆ ಅಯ್ನೋರು ಮುಂದಿನ ಎರಡು ಟೈರ್ನ ಆಕಡೀಕೆ ಈಕಡೀಕೆ ಬದಲಾಯಿಸಿ ಗಾಳಿ ಸರಿಮಾಡಿದ್ರು ಕಣ. ಕಾರು ದಾರ ಹಿಡ್ದಂಗೆ ಓಯ್ತದೆ."

"ಎಷ್ಟು ಇಸ್ಕಂಡ್ರು?" ಎಂದೆ, ಬೇರೇನೂ ತೋಚದೆ.

"ಒಂದು ಕಾಯಿ ಕೊಡಿ ಸಾಕು ಅಂದ್ರು. ಅದ್ನೂ ದೇವ್ರಿಗೆ ಅಂತ."

ಸುತ್ತ ನಿಂತಿದ್ದ ಹಮಾಲಿಗಳೆಲ್ಲ ನಕ್ಕರು. ಅವನು ದುಡ್ಡು ತಗೊಂಡಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಕೆಲಸದ ರೀತಿಯೂ ಬದಲಾಯಿತು. ಕಾರ್ಬುರೇಟರನ್ನು ನಾವು ಕಿವಿಯಿಂದಲೇ ಹದ ಮಾಡುತ್ತಿದ್ದೆವು, ಸ್ಕ್ರೂ ಕಾಲು ಸುತ್ತು ಹಿಂದೆ, ಕಾಲು ಸುತ್ತು ಮುಂದೆ. ಆಮೇಲೆ ಕಂಪ್ಯೂಟರ್ ಇರುವ ಎಂಜಿನ್ನುಗಳು ಬಂದವು. ನರಹರಿ ನಮ್ಮ ಕಡೆ ಎಲ್ಲರಿಗಿಂತ ಮೊದಲು ಸ್ಕ್ಯಾನರ್ ತಂದ. "ಅಪ್ಪ ಜನದ ಜಾತಕ ನೋಡ್ತಿದ್ರು, ಮಗ ಕಾರಿನ ಜಾತಕ ನೋಡ್ತಾನೆ," ಎಂದು ನಾನು ಗಿರಾಕಿಗಳ ಮುಂದೆ ಆಡಿಕೊಂಡೆ. ಗಿರಾಕಿಗಳು ನಕ್ಕರು. ಆಮೇಲೆ ಜಾತಕ ತೋರಿಸುವುದಕ್ಕೆ ಒಬ್ಬೊಬ್ಬರಾಗಿ ಅಲ್ಲಿಗೇ ಹೋದರು. ನಾನು ಸ್ಕ್ಯಾನರ್ ತರುವ ಹೊತ್ತಿಗೆ ಆರು ವರ್ಷ ತಡವಾಗಿತ್ತು. ಈ ಕೆಲಸಕ್ಕೆ ಇಳಿಯುವವರು ಕೇಳಿಸಿಕೊಳ್ಳಿ: ಪಕ್ಕದವನು ಹೊಸ ಸಲಕರಣೆ ತಂದರೆ ಆಡಿಕೊಳ್ಳುವ ಮುಂಚೆ ಒಂದು ಸಲ ಹೋಗಿ ನೋಡಿ ಬನ್ನಿ.

ಇನ್ನು ರೇಸಿನ ವಿಷಯ. ಹಾಸನದ ಕಾರು ಕ್ಲಬ್ಬಿನ ಹುಡುಗರು, ಇನ್ನೂ ಮನೆಗಳೇಳದ ಒಂದು ಹೊಸ ಬಡಾವಣೆಯ ನೆಟ್ಟಗಿನ ಕಾಂಕ್ರೀಟ್ ರಸ್ತೆಯಲ್ಲಿ, ಪರವಾನಗಿ ತಗೊಂಡು, ಆಂಬುಲೆನ್ಸ್ ನಿಲ್ಲಿಸಿಕೊಂಡು, ಭಾನುವಾರ ಬೆಳಿಗ್ಗೆ ಡ್ರ್ಯಾಗ್ ರೇಸ್ ಇಟ್ಟರು. ಓಡುವುದಕ್ಕೆ ಇನ್ನೂರು ಮೀಟರು, ನಿಲ್ಲಿಸುವುದಕ್ಕೆ ಅದರ ಎರಡರಷ್ಟು. ಒಂದು ವಿಭಾಗ ಮನೆಯ ಕಾರುಗಳಿಗೆ. ಕಂಪನಿಯಿಂದ ಬಂದ ಟೈರೇ ಇರಬೇಕು, ಎಂಜಿನ್ನಿಗೆ ಏನೂ ಮಾಡಿಸಿರಬಾರದು. ಅರಕಲಗೂಡಿನ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವ ಸುಧಾ ಮೇಡಂ ಅವರ ಹೆಸರನ್ನು ಅವರ ವಿದ್ಯಾರ್ಥಿಗಳೇ ಬರೆಸಿದ್ದಾರೆ, ಅವರ ಸಣ್ಣ ಪೆಟ್ರೋಲ್ ಕಾರನ್ನು ತಯಾರು ಮಾಡುತ್ತಿರುವವನು ನರಹರಿ ಎಂಬ ಸುದ್ದಿ ಬಂತು. ಆ ಸಂಜೆಯೇ ನನ್ನ ಹೆಸರು ಬರೆಸಿದೆ. ನನ್ನದು ಡೀಸೆಲ್ ಸೆಡಾನ್, ಟರ್ಬೊ ಇರುವಂಥದ್ದು, ಶಕ್ತಿಯಲ್ಲಿ ಮೇಡಂ ಕಾರಿಗಿಂತ ಬಹಳ ಮೇಲು.

"ಅರವತ್ತಮೂರಕ್ಕೆ ರೇಸು ಬ್ಯಾರೆ," ಎಂದರು ನಮ್ಮ ಮನೆಯವರು. "ಆ ನರಹರಿ ಬಾವಿಗೆ ಬಿದ್ರೆ ನೀವು ಹಗ್ಗ ತರಕ್ಕೋಗಲ್ಲ, ಅವ್ನಿಗಿಂತ ಆಳಕ್ಕೆ ಬೀಳಕ್ಕೋಯ್ತೀರಿ."

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೋದೆ. ಟೈರು ನಾಲ್ಕಕ್ಕೂ ಕೊಬ್ಬರಿ ಎಣ್ಣೆ ಒರೆಸಿಕೊಂಡೇ ಹೋಗಿದ್ದೆ. ಅವನ ಕಾರಿನ ಪಕ್ಕ ನನ್ನ ಕಾರು ಮಂಕಾಗಿ ಕಾಣಬಾರದಲ್ಲ. ಓಟಕ್ಕೆ ಮುಂಚೆ ಕಾರು ಪರೀಕ್ಷೆ ಮಾಡುವ ಹುಡುಗ ಡಿಕ್ಕಿ ತೆಗೆಸಿದ.

"ಅಂಕಲ್, ಏನಿದು ಮೂಟೆ?"

"ಕಾಯಿ ಕಣಪ್ಪ. ವಾಪಸ್ ಓಗ್ವಾಗ ಬೀಗ್ರ ಮನೀಗೆ ಕೊಟ್ಟು ಓಗ್ಬೇಕು. ಸುಮ್ನೆ ಖಾಲಿ ಯಾಕೆ ಬರ್ಲಿ ಅಂತ."

"ಎರಡು ಮೂಟೆ ಕಾಯಿ ಹೇರ್ಕೊಂಡು ರೇಸ್ ಓಡ್ತೀರಾ?"

ಹಿಂದೆ ಯಾರೋ ನಕ್ಕರು. ತಿರುಗಿ ನೋಡಿದರೆ ನರಹರಿಯಲ್ಲ, ಸುಧಾ ಮೇಡಂ ವಿದ್ಯಾರ್ಥಿಗಳು. ಎರಡೂ ಮೂಟೆ ಇಳಿಸಿದೆ. ನರಹರಿ ಅತ್ತ ಮೇಡಂ ಕಾರಿನ ಸ್ಟೆಪ್ನಿ, ಜಾಕು, ಕಾಲಡಿಯ ಮ್ಯಾಟು ಎಲ್ಲ ಇಳಿಸಿ ಒಂದು ಟಾರ್ಪಾಲಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದ. ತಲೆ ಪೂರ್ತಿ ನೆರೆತಿತ್ತು. ಜೇಬಿನಲ್ಲಿ ಅದೇ ಅಳತೆಯ ನೋಟ್‌ಬುಕ್. ಪಕ್ಕದ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಬಟ್ಟೆಯ ಮೇಲೆ ಹಿತ್ತಾಳೆ ಗೇಜು. ಅದನ್ನು ಅಷ್ಟು ಹತ್ತಿರದಿಂದ ಮೂವತ್ತೈದು ವರ್ಷವಾದ ಮೇಲೆ ನೋಡಿದೆ. ಒರೆಸಿ ಒರೆಸಿ ಚಿನ್ನದ ಹಾಗಾಗಿತ್ತು.

ಒಬ್ಬೊಬ್ಬರಿಗೆ ಮೂರು ಓಟ. ಮೊದಲೆರಡು ಬರೀ ಸಮಯ ನೋಡುವುದಕ್ಕೆ, ಮೂರನೆಯದು ಎದುರಾಳಿಯ ಜೊತೆ. ನಾನು ಕ್ಲಬ್ಬಿನವರ ಹತ್ತಿರ ಕಾಡಿ, ಬೇಡಿ, ಮೂರನೆಯ ಓಟಕ್ಕೆ ಸುಧಾ ಮೇಡಂ ಪಕ್ಕದ ಲೇನನ್ನೇ ಬರೆಸಿಕೊಂಡೆ.

ಮೊದಲ ಓಟ. ಹೊರಡುವ ಗೆರೆಯ ಮುಂಚೆ, ದೊಡ್ಡ ರೇಸು ಕಾರುಗಳು ಚಕ್ರ ತಿರುಗಿಸಿ ಟೈರು ಬಿಸಿ ಮಾಡಿಕೊಳ್ಳಲೆಂದು ಒಂದು ಕಡೆ ನೀರು ಹಾಕಿದ್ದರು. ಅವರು ಹೋದರಲ್ಲ ಎಂದು ನಾನೂ ನೀರಿನ ಮೇಲೇ ಹೋದೆ. ಮನೆಯ ಕಾರಿನ ಟೈರಿಗೆ ಗೀರುಗಳಿರುತ್ತವೆ, ಆ ಗೀರು ನೀರನ್ನು ತುಂಬಿಕೊಂಡು ಗೆರೆಯವರೆಗೂ ತರುತ್ತದೆ. ಅದರ ಮೇಲೆ, ಟೈರಿನ ಪಕ್ಕದಿಂದ ರಸ್ತೆ ಮುಟ್ಟುವ ಅಂಚಿಗಿಳಿದ ಕೊಬ್ಬರಿ ಎಣ್ಣೆ. ಕಂಬದ ಹಳದಿ ದೀಪಗಳು ಒಂದಾದ ಮೇಲೊಂದು ಹತ್ತಿ ಹಸಿರು ಬಂತು. ಎಂಜಿನ್ ಕಿರುಚುವಷ್ಟು ತುಳಿದು ಕ್ಲಚ್ಚಿನಿಂದ ಕಾಲು ಪಟ್ಟನೆ ಎತ್ತಿಬಿಟ್ಟೆ. ಚಕ್ರ ನಿಂತಲ್ಲೇ ಗರಗರ ತಿರುಗಿತು. ಕಾರು ಮುಂದೆ ಹೋಗುವ ಬದಲು ಮೂತಿ ಆಡಿಸಿತು. ಹೊಗೆಯಲ್ಲಿ ಹುರಿದ ಕೊಬ್ಬರಿಯ ವಾಸನೆ ಬಂತಂತೆ. "ಯಾರೋ ಒಗ್ಗರಣೆ ಹಾಕ್ತಾವ್ರೆ ಕಣ್ರೋ," ಎಂದು ನೋಡುವವರ ಗುಂಪಿನಲ್ಲಿ ಒಬ್ಬ ಹೇಳಿದ್ದು ಇಳಿದ ಮೇಲೆ ಕೇಳಿಸಿತು.

ಸುಧಾ ಮೇಡಂ ನೀರನ್ನು ತಪ್ಪಿಸಿ ಪಕ್ಕದಿಂದ ಬಂದರು, ಗೆರೆಗೆ ನಿಂತರು, ಸದ್ದಿಲ್ಲದೆ ಹೊರಟರು. ಸಮಯ ನೋಡಿದರೆ ನನಗಿಂತ ಒಂದೂವರೆ ಸೆಕೆಂಡ್ ಕಮ್ಮಿ.

ಎಣ್ಣೆಯನ್ನು ಸೋಪು ನೀರಿನಲ್ಲಿ ತಿಕ್ಕಿ ತೊಳೆದೆ. ತಿಕ್ಕುತ್ತ ಕಿವಿ ಮಾತ್ರ ಅತ್ತ ಇಟ್ಟಿದ್ದೆ. ನರಹರಿ ಮುಂದಿನ ಟೈರಿಗೆ ಗೇಜು ಹಿಡಿದು, ಸ್ವಲ್ಪ ಗಾಳಿ ಬಿಟ್ಟು, ಮತ್ತೆ ಹಿಡಿದು ಹೇಳಿದ:

"ಇಪ್ಪತ್ತೆಂಟು ಅಂತ ಬರ್ಕೊಳ್ಳಿ ಮೇಡಂ. ಮುಂದಿನ ಎರಡಕ್ಕೆ ಮಾತ್ರ. ಹಿಂದಿನದು ಹಾಗೇ ಇರಲಿ."

ಗಾಳಿ ಸ್ವಲ್ಪ ಕಮ್ಮಿ ಮಾಡಿದರೆ ರಬ್ಬರು ರಸ್ತೆಗೆ ಹೆಚ್ಚು ಅಂಟುತ್ತದೆ, ಅದು ನನಗೂ ಗೊತ್ತು. ಎಷ್ಟು ಎನ್ನುವುದೇ ಗುಟ್ಟು. ಅವನು ಮೇಡಂ ಜೊತೆ ರಸ್ತೆಯನ್ನು ನಡೆದು ನೋಡಲು ಹೋದ. ಸ್ಟೂಲಿನ ಮೇಲೆ ಗೇಜು ಒಂದೇ ಉಳಿಯಿತು. ನನ್ನ ಜೇಬಿನಲ್ಲಿ ನನ್ನದೇ ಗೇಜು ಇತ್ತು, ಹೊಸದು, ನಂಬರು ತೋರಿಸುವಂಥದ್ದು. ಆದರೂ ಕೈ ಹೋದದ್ದು ಹಿತ್ತಾಳೆಗೆ. ಅದರಲ್ಲೇ ಅಳೆದು ನನ್ನ ಮುಂದಿನ ಎರಡು ಟೈರಿಗೂ ಇಪ್ಪತ್ತೆಂಟು ಇಟ್ಟೆ. ತೆಗೆದುಕೊಂಡಲ್ಲೇ ಇಟ್ಟುಬಂದೆ.

ಎರಡನೆಯ ಓಟದಲ್ಲಿ ಟೈರು ರಸ್ತೆಯನ್ನು ಅಂಟಿನ ಹಾಗೆ ಹಿಡಿಯಿತು. ಮತ್ತೆ ತಿರುಗಿಬಿಟ್ಟೀತೆಂದು ಹೆದರಿ, ಎಂಜಿನ್ ವೇಗ ಮೇಲೇ ಇಟ್ಟುಕೊಂಡು ಕ್ಲಚ್ಚನ್ನು ಅರ್ಧದಲ್ಲಿ ಹಿಡಿದು ಹಿಡಿದು ಬಿಟ್ಟೆ. ಕಾರು ಗೋಣಿಚೀಲ ಎಳೆದ ಹಾಗೆ ಭಾರವಾಗಿ ಹೊರಟಿತು. ಕೊನೆ ದಾಟಿ ಬ್ರೇಕ್ ಹಿಡಿದಾಗ ಸ್ಟೀರಿಂಗ್ ಕೈಯಲ್ಲಿ ಸಡಿಲವಾಯಿತು, ಕಾರು ಎಡಕ್ಕೂ ಬಲಕ್ಕೂ ತೂಗಾಡಿತು. ಆ ಕ್ಷಣದಲ್ಲಿ ನಿಜವಾಗಿ ಹೆದರಿದೆ. ನಿಲ್ಲಿಸಿದಾಗ ಕ್ಲಚ್ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು.

ವಾಪಸ್ ಬಂದು ಬಾನೆಟ್ ಎತ್ತಿದೆ. ನರಹರಿ ನಡೆದುಕೊಂಡು ಬಂದ. ನನ್ನ ಮುಖ ನೋಡಲಿಲ್ಲ, ಟೈರು ನೋಡಿದ.

"ಗಾಳಿ ಎಷ್ಟಿಟ್ಟಿದೀಯೋ ಪುಟ್ಟಸ್ವಾಮಿ?"

"ಇಪ್ಪತ್ತೆಂಟು."

"ಯಾವುದ್ರಲ್ಲಿ ಅಳೆದೆ?"

ಅವನು ಸ್ಟೂಲಿನ ಕಡೆ ನೋಡಿದ. ಮುಖ ಮೇಲೆ ಮಾಡಿ ಇಟ್ಟಿದ್ದ ಗೇಜು ಈಗ ಬೋರಲಾಗಿತ್ತು.

"ನನ್ನ ಗೇಜಿನಲ್ಲಾ?"

"ಖಾದರ್ ಸಾಬ್ರ ಗೇಜು," ಎಂದೆ. "ನಿಂದೇನಲ್ಲ."

ನರಹರಿ ನಕ್ಕ. "ಹೌದು ಕಣಯ್ಯಾ, ಸಾಬ್ರದ್ದೇ. ಅದು ಐದು ಜಾಸ್ತಿ ತೋರ್ಸತ್ತೆ. ನೀನು ಗುಂಡಿಗೆ ಬೀಳಿಸಿದಾಗಿಂದ. ನಾನು ಐದು ಕಳೆದು ಹೇಳ್ತೀನಿ. ನಿನ್ನ ಟೈರಲ್ಲಿ ಈಗಿರೋದು ಇಪ್ಪತ್ತಮೂರು."

ಬಾನೆಟ್ಟಿನ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ಅದರಿಂದಲೇ ಮುಖ ಕೆಂಪಾಗಿದೆ ಎಂದುಕೊಳ್ಳಲಿ ಎಂದು ಅಲ್ಲೇ ಬಗ್ಗಿ ನಿಂತೆ.

"ಬಿದ್ದಿದ್ದು ನಿಂಗ್ಯಾರು ಯೋಳಿದ್ರು?"

"ಸಾಬ್ರೇ. ಗೇಜು ಕೊಟ್ಟ ದಿನ ಕಿವೀಲಿ ಹೇಳಿದ್ರಲ್ಲ. ಕಿಟಕೀಲಿ ನಿಂತು ನೋಡ್ತಿದ್ದೆ ನೀನು."

"ಏನಂದ್ರು? ಇದ್ದಂಗೇ ಯೋಳು."

"'ಪುಟ್ಟಸಾಮಿ ಬೀಳಿಸ್ದ, ಹೇಳ್ಕೊಳ್ಳೋಕೆ ಹೆದರ್ದ. ಐದು ಕಳೆದು ಲೆಕ್ಕ ಹಾಕೋ ಬೇಟಾ. ಅವ್ನಿಗೂ ಹೇಳ್ಬಿಡು' ಅಂದ್ರು. ಅಷ್ಟೇ. ಹೇಳಕ್ಕೆ ಅಂತಲೇ ನಿನ್ನ ಷೆಡ್ಡಿಗೆ ಎರಡು ಸಲ ಬಂದೆ. ಒಂದ್ಸಲ ಗಾಡಿ ಕೆಳಗೆ ಮಲಗಿದ್ದೋನು ಆಚೆಗೇ ಬರ್ಲಿಲ್ಲ. ಇನ್ನೊಂದ್ಸಲ ಊಟಕ್ಕೆ ಹೋಗಿದಾರೆ ಅಂತ ಹೇಳಿಸ್ದೆ. ಒಳಗೆ ನಿನ್ನ ಕೆಮ್ಮು ಕೇಳಿಸ್ತಿತ್ತು."

ಮೂವತ್ತೈದು ವರ್ಷ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಎಂಜಿನ್ನಿನ ಸದ್ದಿನ ಗುಟ್ಟು, ಕಾರ್ಬುರೇಟರಿನ ಗುಟ್ಟು. ಅದು ಐದು ಕಳೆಯುವ ಲೆಕ್ಕವಾಗಿತ್ತು, ಅದರಲ್ಲಿ ನನ್ನ ಪಾಲೂ ಇತ್ತು. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಕೊನೆಗೆ, ಮೂರು ದಶಕದಲ್ಲಿ ಕೇಳದಿದ್ದ ಮಾತನ್ನು ಕೇಳಿದೆ. ಸೆಕೆಂಡ್ ಹ್ಯಾಂಡ್ ವ್ಯಾಪಾರದಲ್ಲಿ ಯಾವ ರೇಟು ಹೇಳುವಾಗಲೂ ನನ್ನ ನಾಲಗೆ ಅಷ್ಟು ಒಣಗಿರಲಿಲ್ಲ.

"ಈಗ ಎಷ್ಟಿಡ್ಲಿ?"

"ನಿಂದು ಭಾರದ ಗಾಡಿ. ಮುಂದೆ ಮೂವತ್ತಕ್ಕೆ ಕಮ್ಮಿ ಬೇಡ. ಹೊರಡೋವಾಗ ಅಷ್ಟು ಕಿರುಚಿಸ್ಬೇಡ, ಟರ್ಬೊ ಏಳೋಷ್ಟು ಮಾತ್ರ. ಕಾಲು ನಿಧಾನಕ್ಕೆ ಎತ್ತು, ಗಾಡಿ ಹೊರಟ ಮೇಲೆ ತುಳಿ." ಆಮೇಲೆ ಮೂಗು ಮುದುಡಿಕೊಂಡು ಹೇಳಿದ, "ಆದ್ರೆ ಕ್ಲಚ್ ಹೋಗಿದೆ ಕಣೋ. ಓಡಿಸ್ಬೇಡ. ಬಿಡು."

ಬಿಡಲಿಲ್ಲ. ನನ್ನದೇ ಗೇಜಿನಲ್ಲಿ ಮೂವತ್ತು ಇಟ್ಟು ಮೇಡಂ ಪಕ್ಕ ಹೋಗಿ ನಿಂತೆ. ಕೊನೆಯ ಹಳದಿ ಹತ್ತಿದಾಗಲೇ ಕಾಲು ಎತ್ತತೊಡಗಿದೆ. ನನ್ನ ಇಡೀ ಕೆಲಸದ ಬದುಕಿನಲ್ಲಿ ಒಂದು ಕಾರು ಅಷ್ಟು ಹದವಾಗಿ ನನ್ನ ಮಾತು ಕೇಳಿದ್ದಿಲ್ಲ. ಅರ್ಧ ದಾರಿಗೆ ಮೇಡಂ ಕಾರಿನ ಮೂತಿ ನನ್ನ ಹಿಂದಿನ ಬಾಗಿಲ ಹತ್ತಿರ ಇತ್ತು. ಮೂರನೇ ಗೇರಿಗೆ ಹಾಕಿದೆ. ಎಂಜಿನ್ ಗೊಂಯ್ ಎಂದು ಏರಿತು, ಕಾರು ಏರಲಿಲ್ಲ. ಕ್ಲಚ್ ಜಾರಿಬಿಟ್ಟಿತ್ತು. ಪಕ್ಕದಲ್ಲಿ ಸಣ್ಣ ಕಾರು ಸರಸರನೆ ದಾಟಿಹೋಯಿತು, ಒಳಗೆ ಮೇಡಂ ಕನ್ನಡಕ ಮೇಲೆ ತಳ್ಳಿಕೊಳ್ಳುತ್ತಿದ್ದರು.

"ಅಂಕಲ್, ಸ್ಟಾರ್ಟ್ ನನಗಿಂತ ನಿಮ್ಮದೇ ಚೆನ್ನಾಗಿತ್ತು," ಎಂದರು ಇಳಿದ ಮೇಲೆ. ಒಳ್ಳೆಯ ಹೆಂಗಸು. ಆ ಸ್ಟಾರ್ಟೂ ನರಹರಿಯದೇ ಎಂದು ಅವರಿಗೆ ಗೊತ್ತಿರಲಿಲ್ಲ.

ಕಾರನ್ನು ಕಟ್ಟಿ ಎಳೆಸಿಕೊಂಡು ಹೋಗುವ ಗಾಡಿ ಬರುವವರೆಗೆ ನರಹರಿ ಜೊತೆಗೇ ಕೂತಿದ್ದ. ಮನೆಯಿಂದ ತಂದ ಪುಳಿಯೋಗರೆ ಹಂಚಿಕೊಟ್ಟ. ಅದೂ ನಮ್ಮ ಮನೆಯದಕ್ಕಿಂತ ರುಚಿಯಾಗಿತ್ತು. ಬಟ್ಟೆಯಲ್ಲಿ ಸುತ್ತಿದ ಗೇಜನ್ನು ನನ್ನ ತೊಡೆಯ ಮೇಲಿಟ್ಟ.

"ಇಟ್ಕೊ. ಬೀಳಿಸ್ದೋನು ನೀನು, ನಿಂಗೇ ಸೇರ್ಬೇಕು."

ಕೈಯಲ್ಲಿ ಹಿಡಿದು ನೋಡಿದೆ. ಐದು ಸುಳ್ಳು ಹೇಳುವ ಮಾಲು. ಗ್ಯಾರೇಜು ಮುಚ್ಚಿದ ದಿನ ಕೊಟ್ಟಿದ್ದರೆ ಎದೆಗೊತ್ತಿಕೊಳ್ಳುತ್ತಿದ್ದೆ.

"ಇದು ಬ್ಯಾಡ ಕಣ್ಲಾ," ಎಂದೆ. "ಆ ನೋಟ್‌ಬುಕ್ ಕೊಡು."

"ಅದು ಕೊಡಲ್ಲ."

"ಗೇಜು ವಾಪಸ್ ಕೊಟ್ಟು, ಮೇಲೆ ಒಂದು ಮೂಟೆ ಕಾಯಿ ಕೊಡ್ತೀನಿ."

"ಎರಡು ಮೂಟೆ ಕೊಟ್ರೂ ಕೊಡಲ್ಲ. ಬೇಕಿದ್ರೆ ಬಂದು ಬರ್ಕೊ."

ಈಗ ಗುರುವಾರ ಗುರುವಾರ ಹೊಳೆನರಸೀಪುರದ ಬಸ್ಸು ಹತ್ತುತ್ತೇನೆ. ಒಂದು ನೋಟ್‌ಬುಕ್ಕಲ್ಲ, ಇಪ್ಪತ್ತೆರಡು ಇವೆ. ನಾಲ್ಕನೆಯದರಲ್ಲಿದ್ದೇನೆ. ಅವನ ಅಕ್ಷರ ನನ್ನದಕ್ಕಿಂತ ದುಂಡಗಿದೆ, ನೋಡಿದರೆ ಈಗಲೂ ಉರಿಯುತ್ತದೆ.

ಮೊದಲ ಸಲ ರೇಸಿಗೆ ಹೋಗುವವರಿಗೆ ಆ ನೋಟ್‌ಬುಕ್ಕುಗಳಿಂದಲೂ ನನ್ನ ತಪ್ಪುಗಳಿಂದಲೂ ಆಯ್ದು ಹೇಳುತ್ತೇನೆ. ಬೈಪಾಸಿನಲ್ಲಿ ಪಂದ್ಯ ಕಟ್ಟಬೇಡಿ. ಹಾಗೆ ಓಡಿಸಿದವರ ಕಾರುಗಳನ್ನು ನಾನು ಎಳೆದು ತಂದಿದ್ದೇನೆ, ಸೀಟು ತೊಳೆದಿದ್ದೇನೆ. ಪರವಾನಗಿ ಇರುವ ಕಡೆ, ಹೆಲ್ಮೆಟ್ ಹಾಕಿಕೊಂಡು, ಹತ್ತಿಯ ತುಂಬುತೋಳಿನ ಅಂಗಿ, ಷೂ ತೊಟ್ಟು ಹೋಗಿ. ಹಿಂದಿನ ದಿನವೇ ಬ್ರೇಕ್ ತೋರಿಸಿ. ಟ್ಯಾಂಕಿನಲ್ಲಿ ಪೆಟ್ರೋಲೋ ಡೀಸೆಲ್ಲೋ ಕಾಲುಭಾಗ ಸಾಕು. ಡಿಕ್ಕಿ ಖಾಲಿ ಮಾಡಿ, ಬೀಗರ ಮನೆಗೆ ಇನ್ನೊಂದು ದಿನ ಹೋಗಿ. ಟೈರಿಗೆ ಯಾವ ಹೊಳಪೂ ಬೇಡ. ನೀರಿದ್ದರೆ ತಪ್ಪಿಸಿ ಪಕ್ಕದಿಂದ ಹೋಗಿ, ಗೆರೆಯ ಹತ್ತಿರ ಚಕ್ರವನ್ನು ಒಂದು ಕ್ಷಣ ತಿರುಗಿಸಿ ಧೂಳು ಉದುರಿಸಿದರೆ ಸಾಕು. ಎ.ಸಿ. ಆರಿಸಿ. ಎರಡು ಓಟದ ನಡುವೆ ಬಾನೆಟ್ ಎತ್ತಿ ಆರಲು ಬಿಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಸಮಯ ಬರೆದುಕೊಳ್ಳಿ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಕೊನೆಯ ಗೆರೆ ದಾಟಿದ ಮೇಲೆ ಪಕ್ಕದ ಲೇನಿಗೆ ನುಗ್ಗಬೇಡಿ, ಬ್ರೇಕನ್ನು ಒಂದೇ ಸಲಕ್ಕೆ ಒತ್ತಬೇಡಿ. ಕ್ಲಚ್ ವಾಸನೆ ಬಂದರೆ ಆ ದಿನಕ್ಕೆ ಮುಗಿಯಿತು, ಮನೆಗೆ ಹೋಗಿ. ಮನೆಗೆ ಹೊರಡುವ ಮುಂಚೆ ಗಾಳಿ ಮೊದಲಿನಷ್ಟೇ ತುಂಬಿಸಿ. ನನ್ನ ಮುಂದಿನ ಎರಡು ಟೈರಿನ ಪಕ್ಕದ ರಬ್ಬರು ರಿಮ್ಮಿಗೆ ಸಿಕ್ಕಿ ಒಳಗೇ ಸೀಳಿದ್ದು ಬಿಚ್ಚಿದ ಮೇಲೆ ಕಂಡಿತು. ಅದೇ ಟೈರಿನಲ್ಲಿ ಮೂರನೆಯ ಓಟ ಓಡಿದ್ದೆ.

ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ, ನಿಮ್ಮದೇ ಗೇಜಿನಲ್ಲಿ ಅಳೆಯಿರಿ. ದಿನವೆಲ್ಲ ಅದೊಂದರಲ್ಲೇ ಅಳೆಯಿರಿ. ಕಂಪನಿ ಹೇಳಿದ್ದಕ್ಕಿಂತ ಎರಡು ಮೂರು ಮಾತ್ರ ಇಳಿಸಿ ನೋಡಿ, ಅದೂ ಚಕ್ರ ತಿರುಗಿದರೆ. ಇನ್ನು ಅಲ್ಲಿ ತಲೆ ನೆರೆತ ಒಬ್ಬರು ಹಿತ್ತಾಳೆ ಗೇಜು ಹಿಡಿದು ಕೂತಿದ್ದರೆ, ಅವರು ಎದ್ದು ಹೋಗುವುದನ್ನು ಕಾಯಬೇಡಿ. ನೇರವಾಗಿ ಹೋಗಿ, ಎಷ್ಟಿಡಬೇಕು ಸ್ವಾಮಿ ಎಂದು ಕೇಳಿ. ಹೇಳುತ್ತಾರೆ.